ಸುರಂಗ ನೆನಪಿಲ್ಲ ಎಂದ ಲಾರಿ ಡ್ರೈವರ್

ಆಪ್ತಸಲಹೆಗೆ ಬರುವ ಲಾರಿ ಡ್ರೈವರ್‌ಗಳು ಕಡಿಮೆ. ಬಂದವರು ಹೆಚ್ಚಾಗಿ ಒಂದೇ ಪ್ರಶ್ನೆ ತರುತ್ತಾರೆ. "ಗಾಡಿ ಕೆಲಸ ಬಿಡಲಾ, ಬೇಡ್ವಾ?" ಎರಡು ವರ್ಷದಲ್ಲಿ ನಾಲ್ಕು ಜನ ಇದನ್ನೇ ಕೇಳಿದ್ದಾರೆ. ಮೊದಲ ಮೂವರ ಜೊತೆ ನಾನು ನೇರವಾಗಿ ಸಂಬಳ, ಸಾಲ, ಮಕ್ಕಳ ಓದಿನ ಮಾತಿಗೆ ಇಳಿದಿದ್ದೆ. ನಾಲ್ಕನೆಯವರ ಜೊತೆಯೂ ಹಾಗೇ ಶುರು ಮಾಡಿದೆ. ಆದರೆ ಅವರು ಎರಡನೇ ಭೇಟಿಯಲ್ಲಿ ಹೇಳಿದ ಒಂದು ಮಾತು ಇವತ್ತಿಗೂ ನನ್ನನ್ನು ಬಿಟ್ಟಿಲ್ಲ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು, ಮನೆಯ ಕೆಲವು ವಿವರ ಬದಲಿಸಿದ್ದೇನೆ.

ಬಸಣ್ಣ ಅಂತ ಕರೆಯೋಣ. ವಯಸ್ಸು 41. ದಾವಣಗೆರೆ ಕಡೆಯವರು. ಹತ್ತೊಂಬತ್ತಕ್ಕೆ ಸಂಡೂರಿನಲ್ಲಿ ಅದಿರು ಲಾರಿಗೆ ಕ್ಲೀನರ್ ಆಗಿ ಹತ್ತಿದರು. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಗಣಿಗಳನ್ನು ನಿಲ್ಲಿಸಿದಾಗ ಆ ಕೆಲಸ ಹೋಯಿತು. ಆಮೇಲೆ ಲೈನ್ ಗಾಡಿ. ದಾವಣಗೆರೆಯಿಂದ ಮೆಕ್ಕೆಜೋಳ, ಅಕ್ಕಿ ತುಂಬಿಕೊಂಡು ಮುಂಬೈ, ಭಿವಂಡಿ ಕಡೆ ಹೋಗುವುದು. ರಿಟರ್ನ್ ಲೋಡಿಗೆ ಕಾಯುವುದು. ಬರುವುದು. ಹೆಂಡತಿ ಮನೆಯಲ್ಲೇ ಹೊಲಿಗೆ ಮಾಡುತ್ತಾರೆ. ಮಗಳು ಒಂಬತ್ತನೇ ಕ್ಲಾಸು, ಮಗ ಐದನೇ ಕ್ಲಾಸು.

ಅವರ ಮುಂದೆ ಮೂರು ದಾರಿ ಇದ್ದವು. ಲಾರಿಯಲ್ಲೇ ಮುಂದುವರಿಯುವುದು ಒಂದು. ಊರಿನ ಖಾಸಗಿ ಶಾಲೆಯ ಬಸ್ಸಿಗೆ ಡ್ರೈವರ್ ಆಗುವುದು ಇನ್ನೊಂದು, ಸಂಬಳ 15,000. ಭಾಮೈದ ತೋರಿಸಿದ ಮೂರನೇ ದಾರಿ ಗಲ್ಫ್. ಅಲ್ಲಿ ಟ್ರೈಲರ್ ಓಡಿಸುವ ಕೆಲಸ, ಏಜೆಂಟಿಗೆ 1,20,000 ಕೊಡಬೇಕಂತೆ.

ಮೊದಲ ಭೇಟಿ ಪೂರ್ತಿ ದುಡ್ಡಿನ ಮಾತಾಯಿತು. ಲಾರಿಯಲ್ಲಿ 32,000, ಶಾಲೆಯಲ್ಲಿ 15,000. "ಹದಿನೇಳು ಸಾವಿರ ಎಲ್ಲಿಂದ ತರ್ಲಿ ಮೇಡಂ?" ಅಂತ ಮೂರು ಸಲ ಕೇಳಿದರು. ಮುಂದಿನ ಸಲ ಹೆಂಡತಿಯನ್ನೂ ಕರೆದುಕೊಂಡು ಬನ್ನಿ, ಟ್ರಿಪ್ಪಿನ ಲೆಕ್ಕದ ಚೀಟಿಗಳನ್ನೂ ತನ್ನಿ ಎಂದು ಕಳಿಸಿದೆ.

ಎರಡನೇ ಸಲ ಇಬ್ಬರೂ ಬಂದರು. ಹೆಂಡತಿ ಚೀಟಿಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಜೋಡಿಸಿ ತಂದಿದ್ದರು. ಅದನ್ನು ಬಿಚ್ಚುವ ಮೊದಲು ನಾನು ಸುಮ್ನೆ ಒಂದು ಪ್ರಶ್ನೆ ಕೇಳಿದೆ. "ಇಪ್ಪತ್ತು ವರ್ಷ ದಾಟಿದೆ ನೀವು ಗಾಡಿ ಹತ್ತಿ. ಬಿಡಬೇಕು ಅಂತ ಅನ್ನಿಸಿದ್ದು ಯಾವಾಗಿಂದ?"

ಬಸಣ್ಣ ತುಂಬ ಹೊತ್ತು ಮಾತಾಡಲಿಲ್ಲ. ಹೆಂಡತಿಯ ಕಡೆ ನೋಡಿದರು. ಆಮೇಲೆ ತಲೆ ತಗ್ಗಿಸಿಕೊಂಡೇ ಹೇಳಿದರು.

"ಸಾತಾರ ದಾಟಿದ ಮೇಲೆ ಖಂಬಾಟ್ಕಿ ಘಾಟ್ ಬರ್ತತೆ ಮೇಡಂ. ಪುಣೆ ಕಡೆ ಹೋಗೋವಾಗ ಅಲ್ಲಿ ಸುರಂಗ. ಹೊರಗೆ ಬಂದ ತಕ್ಷಣ ಇಳಿಜಾರು, ಎಸ್ ತಿರುವು. ಎಷ್ಟು ಗಾಡಿ ಅಲ್ಲಿ ಬಿದ್ದಾವೆ. ಆವತ್ತು ನಂಗೆ ಆನೆವಾಡಿ ಟೋಲ್ ನೆನಪೈತೆ. ಆಮೇಲೆ ಶಿರವಳದ ಹತ್ರ ಧಾಬಾದ ಲೈಟ್ ನೆನಪೈತೆ. ನಡುವೆ ಸುರಂಗ ನೆನಪಿಲ್ಲ. ತಿರುವು ನೆನಪಿಲ್ಲ. ಗಾಡಿ ನಾನು ಓಡಿಸ್ಲಿಲ್ಲ. ಅದೇ ಹೋಯ್ತು."

ಬೆಳಗಿನ ಜಾವ ಮೂರರ ಹೊತ್ತು. ಹಿಂದಿನ ರಾತ್ರಿ ಲೋಡಿಂಗ್‌ಗೆ ಕಾಯುತ್ತಾ ಕಳೆದಿತ್ತು. ಮಧ್ಯಾಹ್ನ ಮೂರಕ್ಕೆ ದಾವಣಗೆರೆ ಬಿಟ್ಟಿದ್ದರು. ಜೊತೆಗೆ ಕ್ಲೀನರ್ ಇರಲಿಲ್ಲ. ಯಾರಿಗೂ ಏನೂ ಆಗಲಿಲ್ಲ. ಧಾಬಾದಲ್ಲಿ ಇಳಿದು ಮುಖ ತೊಳೆದುಕೊಂಡು, ಚಕ್ರಗಳನ್ನು ಒಂದೊಂದಾಗಿ ಟಾರ್ಚ್ ಹಾಕಿ ನೋಡಿದರಂತೆ. ಯಾರಿಗಾದರೂ ತಾಗಿಸಿದ್ದೀನಾ ಅಂತ. ಇದು ನಡೆದು ಐದು ತಿಂಗಳಾಗಿತ್ತು. ಮನೆಯಲ್ಲಿ ಹೇಳಿರಲಿಲ್ಲ, ಓನರ್‌ಗೆ ಹೇಳಿರಲಿಲ್ಲ. ಹೆಂಡತಿ ಅವತ್ತೇ ಮೊದಲ ಸಲ ಕೇಳಿಸಿಕೊಂಡದ್ದು. ಅವರು ಅಳಲಿಲ್ಲ. ಚೀಟಿಯ ಕವರನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡರು.

ಆಮೇಲೆ ಅದು ಮತ್ತೆ ಆಗಿದೆಯಾ ಎಂದು ಕೇಳಿದೆ. "ಇಷ್ಟು ಉದ್ದ ಆಗಿಲ್ಲ" ಎಂದರು. ಮುಂದಿನ ಟ್ರಿಪ್ ಯಾವಾಗ ಎಂದು ಕೇಳಿದೆ. "ಇವತ್ತು ರಾತ್ರಿ."

ನಮ್ಮ ವೃತ್ತಿಯಲ್ಲಿ ಒಂದು ಮಾತಿದೆ. ಬಂದವರ ಪರವಾಗಿ ನಾವು ನಿರ್ಧಾರ ಮಾಡಬಾರದು. ಅವರೇ ದಾರಿ ಕಂಡುಕೊಳ್ಳಲು ಜೊತೆಗಿರಬೇಕು. ನಾನು ಅದನ್ನು ನಂಬುತ್ತೇನೆ, ಹೊಸಬರಿಗೆ ಅದನ್ನೇ ಹೇಳಿಕೊಡುತ್ತೇನೆ. ಆದರೆ ಆ ದಿನ ನಾನು ಬಸಣ್ಣನವರಿಗೆ ನೇರವಾಗಿ ಹೇಳಿದೆ. "ಇವತ್ತು ರಾತ್ರಿ ಗಾಡಿ ಹತ್ತಬೇಡಿ. ಡಾಕ್ಟರ್ ನೋಡುವ ತನಕ ಯಾವ ಗಾಡಿಯನ್ನೂ ಓಡಿಸಬೇಡಿ. ಶಾಲೆ ಬಸ್ಸನ್ನೂ ಬೇಡ."

ಶಾಲೆ ಬಸ್ಸಿನ ಮಾತು ಕೇಳಿ ಅವರು ಬೆಚ್ಚಿದರು. ಅವರ ಲೆಕ್ಕದಲ್ಲಿ ಲಾರಿ ಬಿಟ್ಟರೆ ಸುರಂಗವೂ ಹಿಂದೆ ಉಳಿಯುತ್ತಿತ್ತು. ಬೆಳಿಗ್ಗೆ ಆರಕ್ಕೆ ನಲವತ್ತು ಮಕ್ಕಳನ್ನು ಕೂರಿಸಿಕೊಂಡು ಹೊರಡುವವನಿಗೂ ಅದೇ ಕಣ್ಣು, ಅದೇ ಮೈ ಅಲ್ವಾ?

ನಂತರ ನನ್ನ ಸಹೋದ್ಯೋಗಿಯೊಬ್ಬರು ಕೇಳಿದರು, ಅಷ್ಟು ಖಡಕ್ಕಾಗಿ ಹೇಳಬೇಕಿತ್ತಾ ಎಂದು. ಅವರು ಹೆದರಿ ಮತ್ತೆ ಬರದೇ ಇದ್ದಿದ್ದರೆ? ಆ ಪ್ರಶ್ನೆ ನ್ಯಾಯವಾದದ್ದೇ. ಆದರೂ ನಾನು ಮತ್ತೆ ಅದನ್ನೇ ಹೇಳುತ್ತೇನೆ. ಮೊದಲ ಭೇಟಿಯಲ್ಲೇ ನಾನು ಎಲ್ಲರಿಗೂ ಒಂದು ವಿಷಯ ಸ್ಪಷ್ಟ ಮಾಡುತ್ತೇನೆ. ಇಲ್ಲಿ ಆಡಿದ್ದು ಇಲ್ಲೇ ಉಳಿಯುತ್ತದೆ, ಆದರೆ ನಿಮ್ಮ ಅಥವಾ ಬೇರೆಯವರ ಜೀವಕ್ಕೆ ಅಪಾಯ ಇದ್ದರೆ ನಾನು ಸುಮ್ಮನಿರಲಾರೆ. ಹನ್ನೆರಡು ಚಕ್ರದ ಗಾಡಿಯ ಮುಂದೆ ರಾತ್ರಿ ಹೊತ್ತು ಬೈಕಿನಲ್ಲಿ ಹೋಗುವ ಇನ್ನೊಬ್ಬರ ಮಗನೂ ಆ ಕೋಣೆಯಲ್ಲಿ ನಮ್ಮ ಜೊತೆ ಕೂತಿದ್ದಾನೆ. ಅವನ ಪರವಾಗಿ ಮಾತಾಡುವವರು ಅಲ್ಲಿ ಬೇರೆ ಯಾರೂ ಇಲ್ಲ.

ಬಸಣ್ಣ ಅಲ್ಲಿಂದಲೇ ಓನರ್‌ಗೆ ಫೋನ್ ಮಾಡಿದರು. ಹುಷಾರಿಲ್ಲ ಎಂದರು. ಅದು ನಿಜವೇ ಆಗಿತ್ತು.

ಆಸ್ಪತ್ರೆಗೆ ಹೋಗುವಾಗ ಡಾಕ್ಟರಿಗೆ ಏನು ಹೇಳಬೇಕು ಎಂದು ಚೀಟಿಯಲ್ಲಿ ಬರೆದುಕೊಟ್ಟೆ. "ಸುಸ್ತು" ಅಂತ ಹೇಳಿದರೆ ಟಾನಿಕ್ ಬರೆದುಕೊಟ್ಟು ಕಳಿಸಬಹುದು ಎಂಬ ಭಯ ನನಗೆ. ಹೆಂಡತಿ ಹೇಳಿದ್ದನ್ನೇ ಬರೆದೆ. ಜೋರು ಗೊರಕೆ, ನಡುವೆ ಉಸಿರು ನಿಂತಂತಾಗಿ ಗಕ್ಕನೆ ಎದ್ದು ಕೂರುವುದು, ರಾತ್ರಿ ಪದೇ ಪದೇ ಮೂತ್ರಕ್ಕೆ ಏಳುವುದು, ಹಗಲಲ್ಲಿ ಕೂತಲ್ಲೇ ತೂಕಡಿಕೆ. ಸಕ್ಕರೆ 280 ಬಂತು. ಅದು ಅವರಿಗೆ ಗೊತ್ತೇ ಇರಲಿಲ್ಲ. ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆಯ ಪರೀಕ್ಷೆಗೂ ಬರೆದುಕೊಟ್ಟರು. ಎಂಟು ಗಂಟೆ ಮಲಗಿದರೂ ಅವರಿಗೆ ಎಂಟು ಗಂಟೆಯ ನಿದ್ದೆ ಸಿಗುತ್ತಿರಲಿಲ್ಲ. ಇನ್ನು ನಾಲ್ಕು ಗಂಟೆ ಮಲಗಿದರೆ?

ಡ್ರೈವರ್‌ಗಳು ಓದುತ್ತಿದ್ದರೆ ಇದೊಂದು ಗಮನಿಸಿ. ಬೆಳಗಿನ ಜಾವ ಎರಡರಿಂದ ಐದು ಗಂಟೆಯ ತನಕ ಮೈ ತಾನಾಗೇ ನಿದ್ದೆ ಕೇಳುತ್ತದೆ. ಇದು ಎಲ್ಲರಿಗೂ ಹಾಗೇ, ಅಭ್ಯಾಸ ಆಗಿದೆ ಎನ್ನುವವರಿಗೂ. ಗುಟ್ಕಾ, ಜೋರು ಹಾಡು, ತಣ್ಣೀರು ಇವೆಲ್ಲ ಸ್ವಲ್ಪ ಹೊತ್ತಿನ ಆಟ. ಕೆಲವು ಸೆಕೆಂಡು ಕಣ್ಣು ತೆರೆದಂತೆಯೇ ಮಿದುಳು ಮಲಗಿಬಿಡಬಹುದು. ಸುರಕ್ಷಿತ ಜಾಗದಲ್ಲಿ ಗಾಡಿ ನಿಲ್ಲಿಸಿ ಮಲಗುವುದು ಬಿಟ್ಟರೆ ಬೇರೆ ಉಪಾಯ ಇಲ್ಲ.

ಇದು ಬಸಣ್ಣ ಒಬ್ಬರ ತಪ್ಪು ಅಂತ ನಾನು ಒಪ್ಪುವುದಿಲ್ಲ. 2017ರಲ್ಲಿ ಜಿಎಸ್‌ಟಿ ಬಂದು ಸೇಲ್ಸ್ ಟ್ಯಾಕ್ಸ್ ಚೆಕ್‌ಪೋಸ್ಟ್‌ಗಳು ಹೋದವು. 2021ರಲ್ಲಿ ಫಾಸ್ಟ್ಯಾಗ್ ಕಡ್ಡಾಯವಾಗಿ ಟೋಲ್ ಸಾಲು ಕರಗಿತು. ಒಳ್ಳೆಯದೇ ಆಯಿತು ಎಂದು ನಾವೆಲ್ಲ ಅಂದುಕೊಂಡೆವು. ಬಸಣ್ಣ ಹೇಳಿದ್ದು ಬೇರೆ. "ಚೆಕ್‌ಪೋಸ್ಟ್ ಸಾಲಲ್ಲಿ ಬೈಕೊಂಡು ನಿಂತರೂ ಎರಡು ತಾಸು ಸ್ಟೇರಿಂಗ್ ಮೇಲೆ ತಲೆ ಇಡ್ತಿದ್ವಿ. ಈಗ ಜಿಪಿಎಸ್ ನೋಡ್ಕೊಂಡು ಯಾಕೆ ನಿಂತೆ ಅಂತ ಫೋನ್ ಬರ್ತತೆ." ಉಳಿದ ಸಮಯ ಡ್ರೈವರ್‌ಗೆ ಸಿಗಲಿಲ್ಲ, ಬಾಡಿಗೆಗೆ ಹೋಯಿತು. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಕೆಲಸ ಎಂದು ಬರೆದಿತ್ತು. ಅದು ಐದು ಜನಕ್ಕಿಂತ ಕಡಿಮೆ ಇಟ್ಟುಕೊಂಡವರಿಗೆ ತಾನಾಗಿ ಅನ್ವಯಿಸುತ್ತಿರಲಿಲ್ಲ. ಒಂದೆರಡು ಗಾಡಿಯ ಮಾಲೀಕರ ಹತ್ತಿರ ದುಡಿಯುವವರ ಪಾಲಿಗೆ ಅದು ಎಲ್ಲೋ ಇರುವ ಕಾಗದ, ಅಷ್ಟೆ.

ಮೂರನೇ ಭೇಟಿಗೆ ಬರುವ ಹೊತ್ತಿಗೆ ಅವರು ಮೂರು ವಾರ ಮನೆಯಲ್ಲಿದ್ದರು. ಮಾತ್ರೆ ಶುರುವಾಗಿತ್ತು. ಮುಖದ ಬಣ್ಣ ಬದಲಾಗಿತ್ತು. ಆಗ ಚೀಟಿಗಳನ್ನು ಬಿಚ್ಚಿದೆವು. ಮೊದಲೇ ಬಿಚ್ಚಿದ್ದರೆ ಏನೂ ಪ್ರಯೋಜನ ಆಗುತ್ತಿರಲಿಲ್ಲ. ನಿದ್ದೆಗೆಟ್ಟ ತಲೆಗೆ ಎಲ್ಲ ದಾರಿಯೂ ಒಂದೇ ತರ ಕಾಣುತ್ತದೆ.

ತಿಂಗಳಿಗೆ 12,000 ಸಂಬಳ, ಐದು ಟ್ರಿಪ್‌ಗೆ 4,000ದಂತೆ ಬಾಟಾ, ಅಂದರೆ ಟ್ರಿಪ್ಪಿನ ಭತ್ಯೆ, 20,000. ಒಟ್ಟು 32,000. ಸರಿ. ಇಪ್ಪತ್ತೈದು ದಿನ ರೋಡಿನಲ್ಲಿ ಊಟಕ್ಕೆ ದಿನಕ್ಕೆ 400ರಂತೆ 10,000. ಟೀ, ಗುಟ್ಕಾ, ಸ್ನಾನ ಎಲ್ಲ ಸೇರಿ 2,500. ಮಾಲು ಕಡಿಮೆ ಬಂತು, ತಾಡಪಾಲು ಹರಿಯಿತು ಅಂತ ಮುರಿದುಕೊಳ್ಳುವುದು, ಅಲ್ಲಲ್ಲಿ ಕೊಡುವ ಮಾಮೂಲು, ಸುಮಾರು 1,500. ಮನೆಗೆ ಬರುತ್ತಿದ್ದದ್ದು 18,000. ಶಾಲೆಯ 15,000ದಲ್ಲಿ ಅವರು ಮನೆಯಲ್ಲೇ ಉಣ್ಣುವ ಖರ್ಚು 2,500 ಕಳೆದರೆ 12,500.

ಹೆಂಡತಿ ಪೆನ್ನು ಕೆಳಗಿಟ್ಟರು. "ಐದೂವರೆ ಸಾವಿರ. ಏನ್ರೀ, ಐದೂವರೆ ಸಾವಿರಕ್ಕಾ ನೀವು ಇಷ್ಟು ವರ್ಷ ನಿದ್ದೆ ಬಿಟ್ಟಿದ್ದು?"

ಬಸಣ್ಣ ಆ ಅಂಕಿಯನ್ನು ತಾವೇ ಮತ್ತೆ ಎರಡು ಸಲ ಕೂಡಿ ನೋಡಿದರು.

ಅಷ್ಟಕ್ಕೇ ಶಾಲೆ ಬಸ್ಸೇ ಸರಿ ಎಂದು ನಾನು ಹೇಳಲಿಲ್ಲ. ಸಂಘದ ಸಾಲದ ಕಂತಿಗೆ ಆ ಐದೂವರೆ ಸಾವಿರವೂ ದೊಡ್ಡದೇ. ಶಾಲೆಯವರನ್ನು ಕೇಳಬೇಕಾದ್ದನ್ನು ಪಟ್ಟಿ ಮಾಡಿಕೊಂಡೆವು. ಬೇಸಿಗೆ ರಜೆಯ ಸಂಬಳ ಕೊಡುತ್ತಾರಾ? ಹತ್ತು ತಿಂಗಳ ಸಂಬಳವನ್ನು ಹನ್ನೆರಡಕ್ಕೆ ಹಂಚಿದರೆ ಲೆಕ್ಕ ಬದಲಾಗುತ್ತದೆ. ಪಿಎಫ್ ಇದೆಯಾ, ಕಾರ್ಮಿಕರ ಆರೋಗ್ಯ ವಿಮೆ ಇಎಸ್‌ಐ ಇದೆಯಾ? 21,000 ಒಳಗಿನ ಸಂಬಳಕ್ಕೆ ಇಎಸ್‌ಐ ಸಿಕ್ಕರೆ ಸಕ್ಕರೆ ಕಾಯಿಲೆಯ ಮನೆಗೆ ಅದು ದೊಡ್ಡ ಆಸರೆ. ಜನರನ್ನು ಕೂರಿಸಿಕೊಂಡು ಓಡಿಸಲು ಬೇಕಾದ ಬ್ಯಾಡ್ಜ್ ಮಾಡಿಸಲು ಎಷ್ಟು ದಿನ ಹಿಡಿಯುತ್ತದೆ? ಬೆಳಿಗ್ಗೆಯ ಮತ್ತು ಸಂಜೆಯ ಟ್ರಿಪ್‌ಗಳ ನಡುವೆ ಕಚೇರಿ ಕೆಲಸ ಹೇಳುತ್ತಾರಾ?

ಗಲ್ಫಿನ ಬಗ್ಗೆ ಮಾತ್ರ ನಾನು ಗಟ್ಟಿಯಾಗಿ ಬೇಡ ಎಂದೆ. ನೋಂದಾಯಿತ ಏಜೆಂಟರು ತೆಗೆದುಕೊಳ್ಳಬಹುದಾದ ಶುಲ್ಕ 30,000 ಮತ್ತು ಅದರ ಮೇಲಿನ ಜಿಎಸ್‌ಟಿ. 1,20,000 ಕೇಳುವವನ ಹೆಸರು ಸರ್ಕಾರದ ಇ-ಮೈಗ್ರೇಟ್ ಪಟ್ಟಿಯಲ್ಲಿ ಇದೆಯಾ ಎಂದು ನೋಡಿದೆವು. ಇರಲಿಲ್ಲ. ಇದ್ದಿದ್ದರೂ ಆ ಸ್ಥಿತಿಯಲ್ಲಿ ಹೋಗಬೇಡಿ ಎನ್ನುತ್ತಿದ್ದೆ. ಹೆದರಿಕೆಯಿಂದ ದೂರ ಓಡುವವನು ಸಾಲ ಮಾಡಿ ಓಡಬಾರದು.

ಅವರು ಮತ್ತೊಂದು ಮಾತು ಆಡಿದರು. ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ ಎಂದು ಹೆಂಡತಿಗೂ ಹೇಳಿದೆ. "ಘಾಟಿನಲ್ಲಿ ಇಪ್ಪತ್ತೈದು ಟನ್ ಲೋಡ್ ಇಳಿಸಿದವನು ನಾನು. ನಲವತ್ತರ ಸ್ಪೀಡಲ್ಲಿ ಓಣಿ ಓಣಿ ಸುತ್ತಲಾ?" ಕೈಗೆ ಬಂದ ವಿದ್ಯೆಯನ್ನು ಬಿಡುವುದು ಒಂದು ಬಗೆಯ ಸಾವಿನ ದುಃಖ. ಅದನ್ನು ಜಂಬ ಎಂದು ತಳ್ಳಿಹಾಕಿದರೆ ಗಂಡಸರು ಮತ್ತೆ ಬಾಯಿ ಬಿಡುವುದಿಲ್ಲ. ಐದು ತಿಂಗಳು ಸುರಂಗದ ವಿಷಯ ಮುಚ್ಚಿಟ್ಟದ್ದೂ ಇದೇ ಕಾರಣಕ್ಕೆ. ಒಳ್ಳೆಯ ಡ್ರೈವರ್ ಎನ್ನುವುದೊಂದೇ ಅವರ ಹತ್ತಿರ ಇದ್ದ ಹೆಸರು. ಆ ಭೇಟಿಯ ಉಳಿದ ಹೊತ್ತು ಪೂರ್ತಿ ಅವರು ಘಾಟುಗಳ ಕಥೆ ಹೇಳಿದರು. ಅರಬೈಲು, ಖಂಡಾಲ. ಹೆಂಡತಿ ಅವನ್ನೆಲ್ಲ ಮೊದಲ ಸಲ ಕೇಳುತ್ತಿದ್ದರು.

ಕೊನೆಗೆ ಅವರು ಆರಿಸಿಕೊಂಡದ್ದು ಮೂರರಲ್ಲಿ ಯಾವುದೂ ಅಲ್ಲ. ಹಳೆಯ ಓನರ್‌ಗೆ ರಾತ್ರಿ ಹನ್ನೆರಡರಿಂದ ಐದರ ತನಕ ನಿಲ್ಲಿಸುತ್ತೇನೆ ಎಂದು ಕೇಳಿ ನೋಡಿದರು. ಅವರು ಒಪ್ಪಲಿಲ್ಲ. ಅಷ್ಟರಲ್ಲಿ ಶಾಲೆಯ ಕೆಲಸ ಬೇರೆಯವರಿಗೆ ಹೋಗಿತ್ತು. ಇದರ ಭಾರ ನನ್ನ ಮೇಲೂ ಇದೆ, ಕಾಯಿರಿ ಎಂದದ್ದು ನಾನು. ಎರಡು ತಿಂಗಳ ಮೇಲೆ, ಡಾಕ್ಟರ್ ಸರಿ ಎಂದ ಮೇಲೆ, ಅಕ್ಕಿ ಮಿಲ್ಲೊಂದರಲ್ಲಿ ಹಗಲು ಗಾಡಿ ಸಿಕ್ಕಿತು. ಹರಿಹರ, ರಾಣೆಬೆನ್ನೂರು, ಚಿತ್ರದುರ್ಗ ಸುತ್ತಮುತ್ತ. ಹೆಚ್ಚಿನ ದಿನ ರಾತ್ರಿ ಮನೆಗೆ ಬರುತ್ತಾರೆ. ಕೈಗೆ ಬರುವುದು ಮೊದಲಿಗಿಂತ ಕಡಿಮೆಯೇ. ಸಂಘದ ಕಂತಿನಲ್ಲಿ ಎರಡು ಸಲ ತಡವಾಯಿತು. ಹೆಂಡತಿ ಹೊಲಿಗೆ ಜಾಸ್ತಿ ಮಾಡಿದರು.

ರೋಡಿನಲ್ಲಿರುವವರಿಗೆ ನಮ್ಮ ಕೇಂದ್ರದ ಸಮಯ ಹೊಂದುವುದಿಲ್ಲ ಎಂದು ಗೊತ್ತು. 14416 ಸರ್ಕಾರದ ಟೆಲಿ ಮನಸ್ ಮಾನಸಿಕ ಆರೋಗ್ಯ ಸಹಾಯವಾಣಿ, ರಾತ್ರಿಯೂ ಇರುತ್ತದೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಧಾಬಾದಲ್ಲಿ ಗಾಡಿ ನಿಲ್ಲಿಸಿ ಮಾಡಿ.

ಕಳೆದ ತಿಂಗಳು ಬಸಣ್ಣ ಬಂದಿದ್ದರು, ಸುಮ್ನೆ ಮಾತಾಡಿಸಿ ಹೋಗಲು. ಪುಣೆಯಲ್ಲಿ ನೆಂಟರ ಮದುವೆ ಮುಗಿಸಿಕೊಂಡು ಬಂದಿದ್ದರು. ಮನೆಯವರೆಲ್ಲ ರಾತ್ರಿ ಬಸ್ಸಿನಲ್ಲಿ ಹೋಗಿದ್ದರಂತೆ. ಸಾತಾರ ದಾಟಿದ ಮೇಲೆ ಹೆಂಡತಿ, ಮಕ್ಕಳು ನಿದ್ದೆಯಲ್ಲಿದ್ದರು. ಇವರು ಮಾತ್ರ ಕಿಟಕಿಯ ಹತ್ತಿರ ಎದ್ದು ಕೂತಿದ್ದರು.

"ಒಳಗೆ ಸಾಲಾಗಿ ಲೈಟ್ ಐತೆ ಮೇಡಂ" ಎಂದರು. "ಪೂರ್ತಿ ನೋಡಿದೆ."