ಕೆಂಪು ಗೆರೆಯ ಕುರಿತು ನೀವು ಕಳುಹಿಸಿದ ಲೇಖನ

ಮಾನ್ಯರೇ,

ಕಾರಿನ ಎಂಜಿನ್ ಎಷ್ಟು ಆರ್‌ಪಿಎಂವರೆಗೆ (ನಿಮಿಷಕ್ಕೆ ಎಷ್ಟು ಸುತ್ತಿನವರೆಗೆ) ಸುರಕ್ಷಿತವಾಗಿ ಸುತ್ತಬಲ್ಲದು, ಅಂದರೆ ಮೀಟರಿನ ಕೆಂಪು ಗೆರೆ ಎಲ್ಲಿರಬೇಕು ಎಂಬುದನ್ನು ಕುರಿತ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾಗದು. ವಿಷಯ ಒಳ್ಳೆಯದಾದ್ದರಿಂದ ಕಾರಣಗಳನ್ನು ಮುಚ್ಚುಮರೆಯಿಲ್ಲದೆ ತಿಳಿಸುತ್ತಿದ್ದೇನೆ.

ಮೊದಲ ಒಂದೂವರೆ ಪುಟ ಎಂಜಿನ್ನಿನ ಗರ್ಜನೆಯ ವರ್ಣನೆಗೇ ಮೀಸಲಾಗಿದೆ. ಅದನ್ನು ಪೂರ್ತಿ ತೆಗೆದುಹಾಕಿ. ‘ಗರಿಷ್ಠ ಪರಿಭ್ರಮಣ ಸೀಮಾರೇಖೆ’ ಎಂಬ ಪದವನ್ನೂ ಬಿಡಿ. ಯಾವ ಗ್ಯಾರೇಜಿನಲ್ಲೂ ಯಾರೂ ಹಾಗೆ ಹೇಳುವುದಿಲ್ಲ. ಇನ್ನು, ಈ ಮಿತಿಯನ್ನು ಎಂಜಿನ್ನಿನ ಶಕ್ತಿಯೇ ನಿರ್ಧರಿಸುತ್ತದೆ ಎಂದು ಬರೆದಿದ್ದೀರಿ. ಅದು ತಲೆಕೆಳಗಾದ ಮಾತು. ಹೆಚ್ಚು ಸುತ್ತಬಲ್ಲ ಎಂಜಿನ್ನಿನಿಂದ ಹೆಚ್ಚು ಶಕ್ತಿ ತೆಗೆಯಬಹುದೇ ಹೊರತು, ಶಕ್ತಿ ಹೆಚ್ಚಿದೆಯೆಂಬ ಕಾರಣಕ್ಕೆ ಯಾವ ಎಂಜಿನ್ನೂ ಹೆಚ್ಚು ಸುತ್ತುವುದಿಲ್ಲ. ಹಾಗಿದ್ದಿದ್ದರೆ ಭಾರೀ ಲಾರಿಗಳ ಡೀಸೆಲ್ ಎಂಜಿನ್ನುಗಳು ಕಾರುಗಳನ್ನೆಲ್ಲ ಮೀರಿಸಬೇಕಾಗಿತ್ತು.

ನಿಮ್ಮ ಬರಹದ ಜೀವ ಇರಬೇಕಾದದ್ದು ಸಿಲಿಂಡರಿನೊಳಗೆ ಮೇಲೆ ಕೆಳಗೆ ಓಡಾಡುವ ಪಿಸ್ಟನ್ ಮೇಲೇರಿ, ಅರೆಕ್ಷಣ ನಿಂತು, ಹಿಂದಿರುಗುವ ಜಾಗದಲ್ಲಿ. ಅದಕ್ಕೆ ನೀವು ಕೊಟ್ಟಿರುವುದು ಒಂದೇ ವಾಕ್ಯ. ಹೋಂಡಾ ಎಸ್ 2000 ಕಾರಿನ ಮೊದಲ ಎರಡು ಲೀಟರ್ ಎಂಜಿನ್ನನ್ನು ತೆಗೆದುಕೊಳ್ಳಿ: ಸ್ಟ್ರೋಕ್ (ಪಿಸ್ಟನ್ ಒಂದು ತುದಿಯಿಂದ ಇನ್ನೊಂದಕ್ಕೆ ಸಾಗುವ ದೂರ) 84 ಮಿಲಿಮೀಟರ್, ಕೆಂಪು ಗೆರೆ 9,000ದ ಹತ್ತಿರ. ಆ ವೇಗದಲ್ಲಿ ಒಂದೊಂದು ಪಿಸ್ಟನ್ನೂ ಸೆಕೆಂಡಿಗೆ 300 ಸಲ ನಿಂತು ದಿಕ್ಕು ಬದಲಿಸುತ್ತದೆ, ಮತ್ತು ಸಿಲಿಂಡರಿನ ತುದಿಯಲ್ಲಿ ಅದರ ವೇಗೋತ್ಕರ್ಷ ಗುರುತ್ವದ ಸುಮಾರು 4,800 ಪಟ್ಟಾಗುತ್ತದೆ. ಪಿನ್ನು, ರಿಂಗುಗಳೂ ಸೇರಿ ಪಿಸ್ಟನ್ 400 ಗ್ರಾಂ ತೂಗುತ್ತದೆ ಎಂದಿಟ್ಟುಕೊಂಡರೆ, ಅದು ಹಾರಿಹೋಗದಂತೆ, ಅದನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡ್ ಎಳೆದು ಹಿಡಿಯಬೇಕಾದ ಭಾರ ಹೆಚ್ಚುಕಡಿಮೆ ಎರಡು ಟನ್. ಈ ಎಳೆತ ಎಂಜಿನ್ ಸುತ್ತುವ ವೇಗದ ವರ್ಗಕ್ಕೆ (ಆ ವೇಗವನ್ನು ಅದರಿಂದಲೇ ಗುಣಿಸಿದ್ದಕ್ಕೆ) ಅನುಗುಣವಾಗಿ ಏರುವುದರಿಂದ, ಆರ್‌ಪಿಎಂ ಶೇಕಡಾ 10ರಷ್ಟು ಹೆಚ್ಚಿದರೆ ರಾಡು ಮತ್ತು ಅದರ ಬೋಲ್ಟುಗಳ ಮೇಲಿನ ಹೊರೆ ಶೇಕಡಾ 21ರಷ್ಟು ಹೆಚ್ಚುತ್ತದೆ. ‘ಸ್ವಲ್ಪ ಮೀರಿದರೆ ಏನೂ ಆಗದು’ ಎಂಬ ನಿಮ್ಮ ಮಾತನ್ನು ಈ ಲೆಕ್ಕದ ಪಕ್ಕದಲ್ಲಿಟ್ಟು ನೋಡಿ. ಬಿಡಿಭಾಗಗಳು ಮುರಿಯುವ ಹಂತಕ್ಕಿಂತ ಕೆಳಗೇ ತಯಾರಕರು ಗೆರೆಯನ್ನು ಎಳೆದಿರುತ್ತಾರೆ, ನಿಜ. ಆದರೆ ಆ ಅಂತರ ನೀವು ಭಾವಿಸಿರುವುದಕ್ಕಿಂತ ಬೇಗ ಕರಗುತ್ತದೆ.

ಅದೇ ಎಂಜಿನ್ನನ್ನು ಮುಂದೆ 2.2 ಲೀಟರಿಗೆ ಹಿಗ್ಗಿಸಿದಾಗ ಸ್ಟ್ರೋಕ್ 90.7 ಮಿಲಿಮೀಟರ್ ಆಯಿತು, ಕೆಂಪು ಗೆರೆ 8,000ಕ್ಕೆ ಇಳಿಯಿತು. ಎರಡರಲ್ಲೂ ಪಿಸ್ಟನ್ನಿನ ಸರಾಸರಿ ವೇಗ ಸೆಕೆಂಡಿಗೆ 24, 25 ಮೀಟರಿನ ಆಸುಪಾಸಿನಲ್ಲೇ ಉಳಿಯಿತು. 2006ರಲ್ಲಿ 20,000 ಆರ್‌ಪಿಎಂ ಮುಟ್ಟಿದ ಕಾಸ್ವರ್ತ್ ಕಂಪನಿಯ ಫಾರ್ಮುಲಾ ಒನ್ ಎಂಜಿನ್ನಿನಲ್ಲೂ, ಸ್ಟ್ರೋಕ್ 40 ಮಿಲಿಮೀಟರಿನಷ್ಟೇ ಇದ್ದುದರಿಂದ, ಆ ವೇಗ 27 ಮೀಟರಿನೊಳಗೇ ಇತ್ತು. ಈ ಹೋಲಿಕೆಯೊಂದನ್ನು ಸರಿಯಾಗಿ ಬಿಡಿಸಿ ಹೇಳಿದರೂ ಓದುಗರು ಲೇಖನವನ್ನು ಕೊನೆಯವರೆಗೆ ಓದುತ್ತಾರೆ. ಆದರೆ ಸರಾಸರಿ ವೇಗವೊಂದೇ ಅಳತೆಗೋಲಲ್ಲ: ರೇಸಿನ ಆ ಎಂಜಿನ್ನಿನಲ್ಲಿ ಪಿಸ್ಟನ್ ಎದುರಿಸುವ ವೇಗೋತ್ಕರ್ಷ ಹೋಂಡಾದ ಎರಡು ಪಟ್ಟು ಮೀರುತ್ತದೆ, ಆದ್ದರಿಂದಲೇ ಅದರ ಬಿಡಿಭಾಗಗಳನ್ನು ಅಷ್ಟು ಹಗುರವಾಗಿ ಮಾಡಬೇಕಾಗುತ್ತದೆ.

ಸಿಲಿಂಡರಿನ ಒಳಗೂ ಹೊರಗೂ ಅನಿಲವನ್ನು ಬಿಡುವ ವಾಲ್ವುಗಳ ವಿಷಯವನ್ನು ನೀವು ಮುಟ್ಟಿಯೇ ಇಲ್ಲ. ವೇಗ ಮಿತಿಮೀರಿದಾಗ ಸ್ಪ್ರಿಂಗು ವಾಲ್ವನ್ನು ಕ್ಯಾಮ್‌ನ (ವಾಲ್ವನ್ನು ಒತ್ತಿ ತೆರೆಯುವ ಉಬ್ಬುಗಾಲಿಯ) ಹಿಂದೆಯೇ ಮುಚ್ಚಿಸಲಾರದೆ ಸೋಲುತ್ತದೆ. ಆಗ ತೆರೆದೇ ಉಳಿದ ವಾಲ್ವಿಗೆ ಪಿಸ್ಟನ್ ಬಡಿಯಬಹುದು. ರೆನೊ ಕಂಪನಿ 1986ರಲ್ಲಿ ಫಾರ್ಮುಲಾ ಒನ್‌ಗೆ ಲೋಹದ ಸ್ಪ್ರಿಂಗಿನ ಬದಲು ಒತ್ತಡದ ಅನಿಲವನ್ನು ತಂದದ್ದು ಇದೇ ತೊಡಕಿಗಾಗಿ.

ಆರ್‌ಪಿಎಂ ಮಿತಿ ಮೀರದಂತೆ ತಡೆಯುವ ಲಿಮಿಟರ್ ಇರುವ ಕಾರಿನಲ್ಲಿ ಅಪಾಯವೇ ಇಲ್ಲ ಎಂಬ ವಾಕ್ಯವನ್ನು ಮಾತ್ರ ಖಂಡಿತ ಉಳಿಸಿಕೊಳ್ಳಬೇಡಿ. ಲಿಮಿಟರ್ ಇಂಧನವನ್ನು ತಡೆಯಬಲ್ಲದು, ಅಷ್ಟೇ. ವೇಗವಾಗಿ ಹೋಗುತ್ತಿರುವಾಗ ಐದನೆಯ ಗೇರಿನಿಂದ ನಾಲ್ಕಕ್ಕೆ ಹಾಕಲು ಹೋಗಿ ಎರಡಕ್ಕೆ ಹಾಕಿ ಕ್ಲಚ್ ಬಿಟ್ಟರೆ, ಎಂಜಿನ್ನನ್ನು ತಿರುಗಿಸುವುದು ಪೆಟ್ರೋಲಲ್ಲ, ಚಕ್ರಗಳು.

ಡೀಸೆಲ್ ಉರಿಯಲು ಬೇಕಾಗುವ ಸಮಯವನ್ನು ಕುರಿತ ಭಾಗ ಚೆನ್ನಾಗಿದೆ. ಅದನ್ನು ಹಾಗೆಯೇ ಇರಿಸಿ. ಉಳಿದದ್ದನ್ನು ಪಿಸ್ಟನ್ನಿನಿಂದ ಆರಂಭಿಸಿ ಹೊಸದಾಗಿ ಬರೆದು, ರಾಡಿನ ಒಂದು ಚಿತ್ರದೊಂದಿಗೆ ಕಳುಹಿಸಿದರೆ ಮತ್ತೆ ಓದುತ್ತೇನೆ.

ಇಂತಿ,
ಸಂಪಾದಕ