ಡೆಂಗಿ ಒಮ್ಮೆ ಬಂದು ಹೋದರೆ ಮತ್ತೆ ಬರಲ್ವಾ?

ಪ್ರಶ್ನೆ: ಮಗನಿಗೆ 14 ವರ್ಷ. 2024ರ ಮಳೆಗಾಲದಲ್ಲಿ ಡೆಂಗಿ ಬಂದು ವಾಸಿಯಾಗಿತ್ತು. ಒಂದ್ಸಲ ಬಂದರೆ ಮತ್ತೆ ಬರುವುದಿಲ್ಲ ಅಂತಾರೆ ನಮ್ಮ ಅತ್ತೆ. ಎರಡನೇ ಸಲ ಇನ್ನೂ ಜೋರು ಅಂತ ಪಕ್ಕದ ಮನೆಯವರು ಹೆದರಿಸಿದ್ದಾರೆ. ಯಾರ ಮಾತು ನಂಬೋದು ಡಾಕ್ಟ್ರೇ?
– ಓದುಗರು, ವಿಜಯನಗರ, ಬೆಂಗಳೂರು

ಉತ್ತರ: ದಡಾರದ ವಿಷಯವಾಗಿದ್ದರೆ ನಿಮ್ಮ ಅತ್ತೆಯವರ ಮಾತು ಸರಿ. ಡೆಂಗಿಯಲ್ಲಿ ಒಂದು ತೊಡಕಿದೆ. ಆ ವೈರಸ್ಸಿನಲ್ಲಿ ನಾಲ್ಕು ಬಗೆ. ಬಂದು ಹೋದ ಬಗೆ ಸಾಮಾನ್ಯವಾಗಿ ಮತ್ತೆ ಕಾಡುವುದಿಲ್ಲ, ಆದರೆ ಉಳಿದ ಮೂರರ ವಿರುದ್ಧ ಸಿಗುವ ರಕ್ಷಣೆ ಕೆಲವು ತಿಂಗಳು ಅಷ್ಟೇ.

ಸೊಳ್ಳೆ ಕಚ್ಚಿ ವೈರಸ್ ಒಳಗೆ ಬಂದಾಗ ಸೋಂಕು ತಗುಲಿದ ಜೀವಕೋಶಗಳು ಇಂಟರ್‌ಫೆರಾನ್ ಅನ್ನೋ ಪ್ರೋಟೀನ್ ಬಿಟ್ಟು ಅಕ್ಕಪಕ್ಕದವನ್ನು ಎಚ್ಚರಿಸುತ್ತವೆ. ಜ್ವರ, ಮೈಕೈ ನೋವು ಬಹುಪಾಲು ಈ ಹೋರಾಟದ್ದೇ. ವೈರಸ್ಸಿಗೆ ಅಂಟಿ ಅದನ್ನು ಕಟ್ಟಿಹಾಕುವ ಆಂಟಿಬಾಡಿ ತಯಾರಾಗಲು ನಾಲ್ಕೈದು ದಿನ ಬೇಕು. ಅದಕ್ಕೇ ಲ್ಯಾಬಿನವರು ಶುರುವಿನ ದಿನಗಳಲ್ಲಿ ಎನ್‌ಎಸ್‌1 ಅಂತ ವೈರಸ್ಸಿನದೇ ಪ್ರೋಟೀನ್ ಹುಡುಕುತ್ತಾರೆ, ಐಜಿಎಂ ಅನ್ನೋ ಆಂಟಿಬಾಡಿಯನ್ನು ಆಮೇಲೆ.

ಎಡವಟ್ಟು ಆಗೋದು ಬೇರೆ ಬಗೆ ಬಂದಾಗ. ಹಳೇ ಆಂಟಿಬಾಡಿಗಳು ಹೊಸ ವೈರಸ್ಸಿಗೂ ಅಂಟಿಕೊಳ್ಳುತ್ತವೆ, ಆದರೆ ಅದನ್ನು ಕಟ್ಟಿಹಾಕಲು ಆಗುವುದಿಲ್ಲ, ಮೇಲಾಗಿ ಆಂಟಿಬಾಡಿ ಅಂಟಿದ ವಸ್ತುವನ್ನು ಕೆಲವು ಬಿಳಿ ರಕ್ತಕಣಗಳು ನುಂಗಿಬಿಡುತ್ತವಲ್ಲ, ಡೆಂಗಿ ವೈರಸ್ ಬೆಳೆಯೋದೇ ಅದೇ ಕಣಗಳಲ್ಲಿ. ಅಪಾರ್ಟ್‌ಮೆಂಟಿನ ಸೆಕ್ಯುರಿಟಿಯವನು ಕಳ್ಳನ ಕೈ ಹಿಡಿದು ತಾನೇ ಮನೆ ಬಾಗಿಲ ತನಕ ಬಿಟ್ಟು ಬಂದ ಹಾಗೆ. ವೈರಸ್ ಜಾಸ್ತಿಯಾದಷ್ಟೂ ದೇಹದ ಪ್ರತಿಕ್ರಿಯೆಯೂ ಜೋರಾಗುತ್ತದೆ, ರಕ್ತನಾಳಗಳಿಂದ ನೀರಿನಂಶ ಸೋರಲು ಶುರುವಾಗುತ್ತದೆ.

ಇದು ಸುಮ್ನೆ ಪುಸ್ತಕದ ಮಾತಲ್ಲ. ಫಿಲಿಪ್ಪೀನ್ಸ್‌ನಲ್ಲಿ 2016ರಿಂದ ಶಾಲಾ ಮಕ್ಕಳಿಗೆ ಡೆಂಗಿ ಲಸಿಕೆ ಹಾಕುತ್ತಿದ್ದರು. ಮೊದಲು ಡೆಂಗಿ ಬಂದಿರದ ಮಕ್ಕಳಿಗೆ ಲಸಿಕೆಯಾದ ಮೇಲೆ ಡೆಂಗಿ ಬಂದರೆ ಕಾಯಿಲೆ ಜೋರಾಗಬಹುದು ಅಂತ 2017ರ ನವೆಂಬರ್‌ನಲ್ಲಿ ತಯಾರಕರೇ ಹೇಳಿದರು, ಕಾರ್ಯಕ್ರಮ ನಿಂತುಹೋಯಿತು.

ಹಾಗಂತ ನಿದ್ದೆ ಕೆಡಿಸಿಕೊಳ್ಳಬೇಡಿ. ಎರಡನೇ ಸಲ ಬಂದವರಲ್ಲೂ ಹೆಚ್ಚಿನವರು ಆರಾಮಾಗಿ ಹುಷಾರಾಗುತ್ತಾರೆ. ಆದರೆ ಪಕ್ಕದ ಮನೆಯವರ ಭಯ ಪೂರ್ತಿ ಸುಳ್ಳಲ್ಲ, ಮಗನಿಗೆ ಮತ್ತೆ ಜ್ವರ ಬಂದರೆ ಹಿಂದೆ ಡೆಂಗಿ ಆಗಿತ್ತು ಅಂತ ಡಾಕ್ಟರಿಗೆ ನೀವಾಗೇ ಹೇಳಿ.

ಜನ ಮೋಸ ಹೋಗೋದು ಜ್ವರ ಇಳಿದಾಗ. ಸೋರಿಕೆ ಸಾಮಾನ್ಯವಾಗಿ ಶುರುವಾಗೋದೇ ಆಗ, ಮೂರರಿಂದ ಏಳನೇ ದಿನದ ನಡುವೆ. ಜ್ವರ ಬಿಟ್ಟಿತಲ್ಲ ಅಂತ ಶಾಲೆಗೆ ಕಳಿಸಿಬಿಡಬೇಡಿ. ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ, ವಿಪರೀತ ಸುಸ್ತು ಅಥವಾ ಚಡಪಡಿಕೆ, ಇದರಲ್ಲಿ ಒಂದು ಕಂಡರೂ ಬೆಳಗಾಗಲಿ ಅಂತ ಕಾಯದೆ ಆಸ್ಪತ್ರೆಗೆ ಹೊರಡಿ. ಮನೆಯವರೆಲ್ಲ ಪ್ಲೇಟ್‌ಲೆಟ್ ಎಷ್ಟು ಅಂತಲೇ ಕೇಳುತ್ತಾರೆ, ನಾನು ಅದರ ಜೊತೆಗೆ ಹೆಮಟೊಕ್ರಿಟ್, ಅಂದರೆ ರಕ್ತದಲ್ಲಿ ಕೆಂಪು ಕಣಗಳ ಪಾಲು ಎಷ್ಟು ಅಂತ ನೋಡುತ್ತೇನೆ. ಅದು ಏರುತ್ತಿದ್ದರೆ ರಕ್ತ ಗಟ್ಟಿಯಾಗುತ್ತಿದೆ, ಅಂದರೆ ಸೋರಿಕೆ ನಡೆದಿದೆ ಅಂತ ಗೊತ್ತಾಗುತ್ತದೆ.

ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು, ಡಾಕ್ಟರ್ ಹೇಳಿದ ಪ್ರಮಾಣದಲ್ಲಿ. ಐಬುಪ್ರೊಫೇನ್, ಆಸ್ಪಿರಿನ್ ಬೇಡ, ಅವು ರಕ್ತಸ್ರಾವ ಹೆಚ್ಚಿಸಬಹುದು. ಮೆಡಿಕಲ್ ಶಾಪಿನಲ್ಲಿ ಮೈಕೈ ನೋವಿಗೆ ಅಂತ ಏನಾದರೂ ಕೊಟ್ಟರೆ ಒಳಗೆ ಏನಿದೆ ಅಂತ ಓದಿ ನೋಡಿ.