ನೀರು ಕಾಸಿ ಕುಡಿದರೆ ಫ್ಲೋರೈಡ್ ಹೋಗುತ್ತದೆಯೇ?

ಪ್ರಶ್ನೆ: ನಮ್ಮದು ಮುಂಡರಗಿ ತಾಲ್ಲೂಕಿನ ಹಳ್ಳಿ, ಒಕ್ಕಲುತನದ ಮನೆ. ನಮ್ಮ ಮನೆಯವರಿಗೆ 46 ವರ್ಷ. ಎರಡು-ಮೂರು ವರ್ಷದಿಂದ ಕುತ್ತಿಗೆ, ಸೊಂಟ ಬಿಗಿದು ಬಗ್ಗಲು ಬರುತ್ತಿಲ್ಲ. ಊರವರು ವಾಯು ಅಂತಾರ್ರೀ. ಅಂಗಡಿಯಿಂದ ತಂದ ನೋವಿನ ಗುಳಿಗೆ ದಿನಾ ನಡೆದಿದೆ. 9 ವರ್ಷದ ಮಗನ ಮುಂದಿನ ಹಲ್ಲಿನ ಮೇಲೆ ಕಂದು ಗೆರೆ. ಎಷ್ಟು ತಿಕ್ಕಿದರೂ ಹೋಗುವುದಿಲ್ಲ. ಮಗಳಿಗೆ 3 ವರ್ಷ. ಬೋರ್ ನೀರನ್ನೇ ಈಗ ಕಾಸಿ ಕುಡಿಯುತ್ತಿದ್ದೇವೆ. ಇದೆಲ್ಲ ನೀರಿನಿಂದಲೇ ಬಂದದ್ದೇ? ಆಪರೇಷನ್ ಬೇಕಾಗುತ್ತದೆಯೇ?
– ಓದುಗರು, ಗದಗ ಜಿಲ್ಲೆ

ಉತ್ತರ: ಕಾಸಿದರೆ ರೋಗಾಣು ಸಾಯುತ್ತವೆ ತಾಯಿ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಇಳಿದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಹೆಚ್ಚುತ್ತದೆ. ಕ್ಯಾಂಡಲ್ ಫಿಲ್ಟರ್, ಯುವಿ ಯಂತ್ರಗಳಿಂದಲೂ ಪ್ರಯೋಜನವಿಲ್ಲ. ಸೂಕ್ಷ್ಮ ಪೊರೆಯ ಮೂಲಕ ನೀರು ಸೋಸುವ ಆರ್‌ಒ ಯಂತ್ರ ಅದನ್ನು ತೆಗೆಯುತ್ತದೆ.

ನಿಮ್ಮ ಭಾಗದ ನೆಲದಾಳದ ಕಲ್ಲಿನಲ್ಲೇ ಫ್ಲೋರೈಡ್ ಇದೆ. ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು. ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ನಡೆಯುತ್ತದೆ ಎಂಬುದು ಭಾರತೀಯ ಮಾನದಂಡ. ಅದರಲ್ಲೂ ಹೊಲದಲ್ಲಿ ದುಡಿಯುವವರು ಬಿಸಿಲಿಗೆ ಮನೆಯಲ್ಲಿರುವವರಿಗಿಂತ ಬಹಳ ಹೆಚ್ಚು ನೀರು ಕುಡಿಯುತ್ತಾರೆ, ಫ್ಲೋರೈಡೂ ಅಷ್ಟೇ ಹೆಚ್ಚು ಒಳಗೆ ಹೋಗುತ್ತದೆ. ಅದು ವರ್ಷಗಟ್ಟಲೆ ಎಲುಬಿನಲ್ಲಿ ಕೂತು, ಸಂದುಗಳನ್ನು ಹಿಡಿದಿಡುವ ನಾರುಗಳನ್ನೂ ಎಲುಬಿನಂತೆ ಗಟ್ಟಿ ಮಾಡುತ್ತದೆ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಮೊಣಕಾಲು ಮಡಚದೆ ಬಗ್ಗಿ ಕಾಲ್ಬೆರಳು ಮುಟ್ಟಲು ಹೇಳಿ. ಆಮೇಲೆ ಗದ್ದವನ್ನು ಎದೆಗೆ ತಾಗಿಸಲಿ. ಕೊನೆಗೆ ಎರಡೂ ಕೈ ಅಗಲಿಸಿ, ಮೊಣಕೈ ಮಡಚಿ ತಲೆಯ ಹಿಂಭಾಗ ಮುಟ್ಟಲಿ. ಮೂರೂ ಆಗದಿದ್ದರೆ ಫ್ಲೋರೋಸಿಸ್ (ಫ್ಲೋರೈಡ್ ಹೆಚ್ಚಾಗಿ ಬರುವ ಎಲುಬು-ಹಲ್ಲಿನ ರೋಗ) ಅನುಮಾನ ಗಟ್ಟಿ. ಆದರೂ ಅಷ್ಟಕ್ಕೇ ತೀರ್ಮಾನಕ್ಕೆ ಬರಬೇಡಿ: ಬೆನ್ನು ಬಿಗಿಯುವ ಸಂಧಿವಾತ, ವಿಟಮಿನ್ ಡಿ ಕೊರತೆಯಲ್ಲೂ ಹೀಗಾಗುತ್ತದೆ, ಅವೆರಡಕ್ಕೂ ಒಳ್ಳೆಯ ಔಷಧವಿದೆ. ಗದಗ ಇಲ್ಲವೇ ಹುಬ್ಬಳ್ಳಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ (ಜಿಮ್ಸ್, ಕಿಮ್ಸ್ ಎಂದು ಜನ ಕರೆಯುವವು) ಹೋಗಿ ಮುಂಗೈ ಮತ್ತು ಸೊಂಟದ ಎಕ್ಸ್‌ರೇ, ಜೊತೆಗೆ ಮೂತ್ರದ ಫ್ಲೋರೈಡ್ ಪರೀಕ್ಷೆ ಎಲ್ಲಿ ಆಗುತ್ತದೆಂದು ಕೇಳಿ. ಮುಂಗೈಯ ಎರಡು ಎಲುಬುಗಳ ನಡುವಿನ ಪೊರೆ ಎಕ್ಸ್‌ರೇಯಲ್ಲಿ ಬೆಳ್ಳಗೆ ಕಂಡರೆ ಅನುಮಾನ ಬಹುಮಟ್ಟಿಗೆ ನಿಜವಾದಂತೆ.

ನನಗೆ ನಿಜವಾಗಿ ಚಿಂತೆ ಹಚ್ಚಿದ್ದು ಆ ನೋವಿನ ಗುಳಿಗೆ. ದೇಹದಿಂದ ಫ್ಲೋರೈಡನ್ನು ಹೊರಹಾಕುವುದೇ ಮೂತ್ರಪಿಂಡ. ಅಂಗಡಿ ಗುಳಿಗೆಗಳನ್ನು ದಿನಾ ನುಂಗಿದರೆ ಕೆಡುವುದೂ ಅದೇ. ಅದು ಸೋತರೆ ಕುಡಿದ ಫ್ಲೋರೈಡು ಇನ್ನಷ್ಟು ಒಳಗೇ ಉಳಿಯುತ್ತದೆ. ಮೂತ್ರಪಿಂಡ ಸರಿಯಿದೆಯೇ ಎಂದು ತಿಳಿಸುವ ರಕ್ತದ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸದೆ ಇನ್ನೊಂದು ಗುಳಿಗೆಯೂ ಬೇಡ.

ಗಟ್ಟಿಯಾದ ನಾರು ಮತ್ತೆ ಮೆತ್ತಗಾಗುವ ಔಷಧ ಇಲ್ಲ. ಹಾಗೆಂದು ಆಪರೇಷನ್ ಎಲ್ಲರಿಗೂ ಬೇಕಿಲ್ಲ. ಕಾಲು ಜೋಮು ಹಿಡಿಯುವುದು, ನಡೆಯುವಾಗ ಎಡವುವುದು, ಮೂತ್ರದ ಹಿಡಿತ ತಪ್ಪುವುದು ಕಂಡರೆ ಮಾತ್ರ ಬೆನ್ನುಹುರಿ ಅದುಮಿದೆ ಎಂದು ಶಂಕಿಸಿ ಅದೇ ದಿನ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿರಿ. ಉಳಿದಂತೆ ನೀರು ಬದಲಿಸಿ, ಸಂದು ಸಡಿಲವಾಗುವ ವ್ಯಾಯಾಮ ಮಾಡಿಸಿದರೆ ನೋವು ಎಷ್ಟೋ ಕಡಿಮೆಯಾಗಬಹುದು.

ಮಗನ ಹಲ್ಲಿನ ಗೆರೆ ಹೊರಗಿನ ಕೊಳೆಯಲ್ಲ. ಹಲ್ಲು ವಸಡಿನೊಳಗೆ ಬೆಳೆಯುವಾಗಲೇ ಬಂದದ್ದು. ಎಡ-ಬಲದ ಜೋಡಿ ಹಲ್ಲುಗಳಲ್ಲಿ ಒಂದೇ ಥರ ಅಡ್ಡಲಾಗಿರುತ್ತದೆ, ನೋಡಿ. ಇದ್ದಿಲು, ಉಪ್ಪು ಹಾಕಿ ತಿಕ್ಕಿದರೆ ಹಲ್ಲು ಸವೆಯುತ್ತದೆ, ಅಷ್ಟೇ. ಮುಂದೆ ದಂತ ವೈದ್ಯರು ಮೇಲ್ಪದರ ಉಜ್ಜಿ, ಹಲ್ಲಿನ ಬಣ್ಣದ ಲೇಪ ಕೊಡಬಹುದು. ಅವಸರವಿಲ್ಲ. ಅವಸರ ಇರುವುದು ಮಗಳ ವಿಷಯದಲ್ಲಿ. ಸುಮಾರು ಎಂಟು ವರ್ಷದವರೆಗೆ ಶಾಶ್ವತ ಹಲ್ಲುಗಳು ಒಳಗೆ ರೂಪುಗೊಳ್ಳುತ್ತಿರುತ್ತವೆ. ಇವತ್ತೇ ನೀರು ಬದಲಾದರೆ ಅವಳ ಬಹಳಷ್ಟು ಹಲ್ಲು ಕಲೆಯಾಗದೆ ಉಳಿಯುತ್ತವೆ. ಅವಳಿಗೆ ಪೇಸ್ಟ್ ಬಟಾಣಿಕಾಳಿಗಿಂತ ಕಡಿಮೆ ಹಾಕಿ, ನುಂಗದಂತೆ ನೋಡಿಕೊಳ್ಳಿ.

ಒಂದು ಲೀಟರ್ ಪ್ಲಾಸ್ಟಿಕ್ ಬಾಟಲಿಯಲ್ಲಿ (ಗಾಜಿನದು ಬೇಡ) ಬೋರ್ ನೀರು ತುಂಬಿ ಜಿಲ್ಲಾ ಕುಡಿಯುವ ನೀರಿನ ಪ್ರಯೋಗಾಲಯಕ್ಕೆ ಕೊಡಿ. ಊರಿನ ಶುದ್ಧ ನೀರಿನ ಘಟಕದ ನೀರನ್ನೂ ಬೇರೆ ಬಾಟಲಿಯಲ್ಲಿ ಕೊಡಿ. ಪೊರೆ ಹಳತಾದ ಘಟಕದಿಂದ ಬರುವ ನೀರು ಹೆಸರಿಗಷ್ಟೇ ಶುದ್ಧ. ನದಿ ನೀರಿನ ನಲ್ಲಿ ಇದ್ದರೆ ಅದು, ಇಲ್ಲವೇ ಚಾವಣಿಯಿಂದ ಶುದ್ಧವಾಗಿ ಹಿಡಿದಿಟ್ಟ ಮಳೆ ನೀರು ವಾಸಿ.

ಬಹಳ ಮನೆಗಳಲ್ಲಿ ಕ್ಯಾನ್ ನೀರು ಕುಡಿಯಲಿಕ್ಕೆ ಮಾತ್ರ. ಬ್ಯಾಳಿ ಬೇಯಿಸುವುದು, ರೊಟ್ಟಿ ಹಿಟ್ಟು ನಾದುವುದು, ಚಹಾ ಕುದಿಸುವುದು ಬೋರ್ ನೀರಿನಲ್ಲೇ. ಅಡುಗೆಗೂ ಅದೇ ಕ್ಯಾನ್ ಇರಲಿ. ಚಹಾಪುಡಿಯಲ್ಲೇ ಫ್ಲೋರೈಡ್ ಇರುವುದರಿಂದ ಚಹಾ ದಿನಕ್ಕೆ ಎರಡು ಕಪ್ ಸಾಕು. ಹಾಲು, ಮಜ್ಜಿಗೆ, ನುಗ್ಗೆಸೊಪ್ಪು, ಎಳ್ಳಿನ ಚಟ್ನಿ ಹೆಚ್ಚಿಸಿ; ಕ್ಯಾಲ್ಸಿಯಂ ಸಾಕಷ್ಟಿದ್ದರೆ ಫ್ಲೋರೈಡ್ ಕರುಳಿನಲ್ಲಿ ಹೀರಿಕೊಳ್ಳುವುದು ಕಡಿಮೆಯಾಗುತ್ತದೆ.